ಮಿರ್ಗದ ನೀರು, ಮೇ ತಿಂಗಳ ಉಪ್ಪು

ಮಿರ್ಗ, ಅಂದರೆ ಜೂನ್ ಆರಂಭದ ಮೃಗಶಿರಾ ಮಳೆ, ಹಿಡಿದು ಹತ್ತು ದಿನವಾಗಿತ್ತು. ಪಂಚಾಯ್ತಿಯಿಂದ ನೀರು ಪರೀಕ್ಷೆಯ ತರಬೇತಿ ಪಡೆದ ನೆರೆಮನೆಯಾಕೆ ಕಿಟ್ ಹಿಡಿದುಕೊಂಡು ನಮ್ಮ ಬಾವಿಕಟ್ಟೆಗೆ ಬಂದರು. ತಾಯಿಗೆ ಅದು ಹಿಡಿಸಲಿಲ್ಲ. ‘ನಮ್ಮ ಬಾವಿ ನೀರು ಬೊಂಡದ ನೀರಿನ ಹಂಗೆ ಅದೆ. ಇದಕ್ಕೆಂತ ಪರೀಕ್ಷೆ ಮಾರಾಯ್ತಿ?’ ಎಂದರು. ನೆರೆಮನೆಯಾಕೆ ನಕ್ಕರು. ‘ನಾ ಎಂತದೂ ಹೇಳೂದಿಲ್ಲ ಅಮ್ಮಾ, ನಾಳೆ ಬಾಟ್ಲಿನೇ ಹೇಳ್ತದೆ.’ ಔಷಧಿ ಬಾಟಲಿಯಷ್ಟು ಚಿಕ್ಕ ಗಾಜಿನ ಸೀಸೆಗೆ ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಅಡುಗೆಮನೆಯ ಕಪಾಟಿನಲ್ಲಿಟ್ಟು ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಸಂಜೆಯ ಹೊತ್ತಿಗೆ ಡಾಂಬರಿನಷ್ಟು ಕಪ್ಪು. ತಾಯಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಾವಿಗೆ ಹೋಗಿ ಇಣುಕಿದರು. ಅಲ್ಲಿ ನೀರು ಎಂದಿನಂತೆ ತಿಳಿಯಾಗಿ, ತಳದ ಕಲ್ಲು ಕಾಣುವಂತೆ ನಿಂತಿತ್ತು. ಆ ಎರಡು ನೀರೂ ಒಂದೇ ಎಂದು ನಂಬುವುದಕ್ಕೆ ಅವರಿಗೆ ಒಂದು ರಾತ್ರಿ ಬೇಕಾಯಿತು.

ಆ ಸೀಸೆಯ ಹಿಂದೆ ನಮ್ಮ ದೇಶದ್ದೇ ಆದ ಒಂದು ಸಂಶೋಧನೆಯಿದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮಂಜ, ಮೌರ್ಯ ಮತ್ತು ರಾವ್ ಎಂಬ ಮೂವರು 1982ರಲ್ಲಿ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಲದ ಜೊತೆಗೆ ಬರುವ ಹಲವು ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹುಟ್ಟಿಸುತ್ತವೆ. ಸೀಸೆಯೊಳಗೆ ಮೊದಲೇ ಒಣಗಿಸಿಟ್ಟ ಮಿಶ್ರಣದಲ್ಲಿ ಅವುಗಳಿಗೆ ಆಹಾರವೂ ಇದೆ, ಕಬ್ಬಿಣದ ಒಂದು ಲವಣವೂ ಇದೆ. ಅನಿಲ ಕಬ್ಬಿಣವನ್ನು ಮುಟ್ಟಿದರೆ ನೀರು ಕಪ್ಪಾಗುತ್ತದೆ. ಕರೆಂಟು ಬೇಡ, ಸೂಕ್ಷ್ಮದರ್ಶಕ ಬೇಡ. ನಮ್ಮ ಕರಾವಳಿಯ ಸೆಕೆಯಲ್ಲಿ ಒಂದೆರಡು ದಿನ ಸುಮ್ಮನೆ ಇಟ್ಟರೆ ಸಾಕು.

ನೀರಿನಲ್ಲಿ ಕಾಲರಾ ಇದೆಯೇ, ಟೈಫಾಯ್ಡ್ ಇದೆಯೇ, ಕಾಮಾಲೆಯ ವೈರಸ್ ಇದೆಯೇ ಎಂದು ಒಂದೊಂದನ್ನೇ ಹುಡುಕುತ್ತಾ ಕೂರುವುದು ಯಾವ ಪ್ರಯೋಗಾಲಯಕ್ಕೂ ದಿನನಿತ್ಯ ಸಾಧ್ಯವಾಗುವ ಕೆಲಸವಲ್ಲ. ಅದಕ್ಕೇ ಪರೀಕ್ಷಕರು ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ನೀರಿಗೆ ಮಲ ಸೇರಿದೆಯೇ? ಪ್ರಯೋಗಾಲಯದಲ್ಲಿ ಅದಕ್ಕೆ ಸಾಕ್ಷಿ ಹೇಳುವುದು ಇ-ಕೋಲಿ ಎಂಬ ಬ್ಯಾಕ್ಟೀರಿಯಾ. ಮನುಷ್ಯರ ಮತ್ತು ಜಾನುವಾರುಗಳ ಕರುಳೇ ಅದರ ಮನೆ. ನೀರಿನಲ್ಲಿ ಅದು ಸಿಕ್ಕಿತೆಂದರೆ ಕರುಳಿನಿಂದ ಬಾವಿಗೆ ಎಲ್ಲೋ ದಾರಿಯಾಗಿದೆ ಎಂದರ್ಥ. ಆ ದಾರಿಯಲ್ಲಿ ಇಂದು ಇ-ಕೋಲಿ ಬಂದಿದ್ದರೆ ನಾಳೆ ಟೈಫಾಯ್ಡೂ ಬರಬಹುದು. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಇದರಲ್ಲಿ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಒಂದೂ ಸಿಗಬಾರದು.

ನಮ್ಮ ಉತ್ತರ ಕನ್ನಡ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾದ ಬಾವಿಗಳಿಗೆ ಈ ದಾರಿ ಬೇಗ ತೆರೆದುಕೊಳ್ಳುವುದಕ್ಕೆ ಕಾರಣ ನಮ್ಮ ಕಾಲ ಕೆಳಗೇ ಇದೆ. 1801ರಲ್ಲಿ ಭಟ್ಕಳ, ಹೊನ್ನಾವರ, ಗೋಕರ್ಣದ ಮೇಲೆ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಪಶ್ಚಿಮ ಕರಾವಳಿಯ ಕೆಂಪು ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಇಟ್ಟಿಗೆಯಂತೆ ಕಡಿದು ಮನೆ ಕಟ್ಟುತ್ತಾರೆ ಎಂಬುದಕ್ಕೇ ಆ ಹೆಸರು. ನಮಗೆ ಅದು ಚಿರೆಕಲ್ಲು. ಒಂದು ಚಿರೆಕಲ್ಲನ್ನು ಕೈಗೆತ್ತಿಕೊಂಡು ನೋಡಿ: ಜೇನುಹುಟ್ಟಿನಂತೆ ತೂತು, ತೂತಿನೊಳಗೆ ತೂತು. ಸುರಿದ ಮಳೆಯನ್ನು ಕುಡಿದು ಬಾವಿಗೆ ಮುಟ್ಟಿಸುವುದು ಈ ತೂತುಗಳೇ. ಶೌಚದ ಗುಂಡಿಯ ನೀರನ್ನು ಅದೇ ವೇಗದಲ್ಲಿ ಅದೇ ಬಾವಿಗೆ ಮುಟ್ಟಿಸುವುದೂ ಇವೇ. ಮರಳು ಮಣ್ಣಿನಲ್ಲಾದರೆ ಕೊಳೆ ಸೋಸಿಹೋಗಲು ಸಮಯ ಸಿಗುತ್ತದೆ. ಚಿರೆಕಲ್ಲಿನಲ್ಲಿ ಆ ಸಮಯ ಸಿಗುವುದಿಲ್ಲ.

ಬಾವಿಗೂ ಶೌಚಗುಂಡಿಗೂ ಕನಿಷ್ಠ 15 ಮೀಟರ್, ಅಂದರೆ 50 ಅಡಿ ಅಂತರ ಇರಬೇಕೆಂದು ಆರೋಗ್ಯ ಪುಸ್ತಕಗಳು ಹೇಳುತ್ತವೆ. ನಾಲ್ಕೈದು ಗುಂಟೆ ಜಾಗದಲ್ಲಿ ಮನೆ, ಬಾವಿ, ಗುಂಡಿ ಎಲ್ಲವನ್ನೂ ಕೂಡಿಸುವ ನಾವು ನಮ್ಮ ಬಾವಿಯಿಂದ ನಮ್ಮ ಗುಂಡಿಯನ್ನು ದೂರ ಇಡುತ್ತೇವೆ. ಅದು ಹೋಗಿ ಕೂರುವುದು ಪಕ್ಕದ ಮನೆಯ ಬಾವಿಯ ಹತ್ತಿರ. ತಳಕ್ಕೆ ಕಾಂಕ್ರೀಟು ಹಾಕದೆ ಬರೀ ಚಿರೆಕಲ್ಲು ಕಟ್ಟಿದ ಗುಂಡಿಗೆ ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಕೊಳೆಯನ್ನು ತಡೆಹಿಡಿಯುವುದಿಲ್ಲ. ‘ನಮ್ಮ ಗುಂಡಿ ಮೂವತ್ತು ವರ್ಷದಿಂದ ತುಂಬಲೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವವರನ್ನು ಕಂಡಾಗ ನನಗೆ ಭಯವಾಗುತ್ತದೆ. ತುಂಬದ್ದು ಎಲ್ಲಿಗೋ ಹೋಗುತ್ತಿರಬೇಕಲ್ಲ?

ಬೇಸಿಗೆಯಲ್ಲಿ ನೀರಿನ ಮಟ್ಟ ಕೆಳಗಿಳಿದಿರುವಾಗ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣ ನೆಲದ ಒಂದು ಪದರ ಕಾವಲಿರುತ್ತದೆ. ಮಿರ್ಗದ ಮಳೆ ಎರಡು ವಾರ ಹೊಯ್ದರೆ ನೀರು ಮೇಲೇರಿ ಗುಂಡಿಯ ತಳವನ್ನೇ ಮುಟ್ಟುತ್ತದೆ. ಎಂಟು ತಿಂಗಳು ನೆಲದ ಮೇಲೂ ಒಳಗೂ ಕೂತಿದ್ದ ಕೊಳೆ ಒಮ್ಮೆಲೇ ಕೊಚ್ಚಿ ಬರುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಮಳೆಗಾಲದಲ್ಲಿ ಹೆಚ್ಚಾಗುವುದಕ್ಕೆ ‘ಹವಾಮಾನ’ ಎಂದು ನಾವು ಹೇಳುವ ಕಾರಣದಲ್ಲಿ ದೊಡ್ಡ ಪಾಲು ಈ ನೀರಿನದು. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ 24 ಗಂಟೆಗಳಲ್ಲಿ 500 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದು ಪೇಟೆಯೇ ಮುಳುಗಿತು. ಅಂಥ ನೆರೆಯಲ್ಲಿ ಬಾವಿಕಟ್ಟೆಯ ಮೇಲಿಂದ ಒಳಗಿಳಿದ ನೀರಿನಲ್ಲಿ ರಸ್ತೆ, ಚರಂಡಿ, ಕೊಟ್ಟಿಗೆ ಎಲ್ಲದರ ಪಾಲೂ ಇರುತ್ತದೆ. ಇನ್ನು ಭಟ್ಕಳದ ಗೌಸಿಯಾ ಸ್ಟ್ರೀಟ್ ಸುತ್ತಮುತ್ತಲ ಜನ ಒಳಚರಂಡಿಯ ಕೊಳಚೆ ಶರಾಬಿ ಹೊಳೆಗೂ ತಮ್ಮ ಬಾವಿಗಳಿಗೂ ಸೇರುತ್ತಿದೆ ಎಂದು ವರ್ಷಗಳಿಂದ ದೂರುತ್ತಲೇ ಬಂದಿದ್ದಾರೆ. ಮನೆಯಂಗಳದಲ್ಲಿ ತುಂಬಿದ ಬಾವಿ ಇದ್ದೂ ನೀರು ಕೊಂಡು ಕುಡಿಯುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಇದು ಜೂನ್ ತಿಂಗಳ ಕಥೆ. ಮೇ ತಿಂಗಳ ಕಥೆ ಬೇರೆ.

ಮೇ ತಿಂಗಳಲ್ಲಿ ನಮ್ಮ ಬಾವಿಗಳ ಶತ್ರು ಉಪ್ಪು. ಕಡಲಿನ ಪಕ್ಕದ ನೆಲದೊಳಗೆ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡು ಕೂತಿರುತ್ತದೆ. ಇವೆರಡರ ತೂಕದ ಲೆಕ್ಕವನ್ನು ನೂರು ವರ್ಷಕ್ಕೂ ಹಿಂದೆಯೇ ಗೈಬೆನ್ ಮತ್ತು ಹರ್ಜ್‌ಬರ್ಗ್ ಎಂಬ ಇಬ್ಬರು ಹಾಕಿಕೊಟ್ಟಿದ್ದಾರೆ: ಸಮುದ್ರಮಟ್ಟದಿಂದ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಉಪ್ಪನ್ನು ಅದು ಒತ್ತಿಹಿಡಿದಿರುತ್ತದೆ. ಪಂಪು ಹಾಕಿ ಆ ಒಂದು ಅಡಿಯನ್ನು ಎಳೆದುಬಿಟ್ಟರೆ ಕಾಲಕ್ರಮದಲ್ಲಿ ಉಪ್ಪು ನಲವತ್ತು ಅಡಿ ಮೇಲೇರಬಹುದು. ಕಡಲ ಹತ್ತಿರ ಬೋರ್‌ವೆಲ್ ಕೊರೆಸಿದ ಒಬ್ಬರಿಂದ ಹತ್ತು ಮನೆಯ ಬಾವಿ ಸಿಹಿ ಕಳೆದುಕೊಂಡು ಉಪ್ಪಾಗುವುದು ಹೀಗೆ.

ಕೆಡುವುದಕ್ಕೆ ಹೆಚ್ಚೇನೂ ಬೇಕಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ಕುಡಿಯುವ ನೀರಿನಲ್ಲಿ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1,000ದವರೆಗೆ ಸಹಿಸಬಹುದು ಎನ್ನುತ್ತದೆ ಮಾನದಂಡ. ಭಾಗಿಸಿ ನೋಡಿದರೆ 75 ಕೊಡ ಸಿಹಿನೀರಿಗೆ ಒಂದೇ ಕೊಡ ಸಮುದ್ರದ ನೀರು ಬಿದ್ದರೂ ಮೊದಲ ಗಡಿ ಮುಟ್ಟುತ್ತದೆ. ಹದಿನೆಂಟು ಕೊಡಕ್ಕೆ ಒಂದು ಬಿದ್ದರೆ ಎರಡನೆಯದೂ. ಈ ಉಪ್ಪು ಕುದಿಸಿದರೆ ಹೋಗುವುದಿಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪುಡಿಗೂ ಬಗ್ಗುವುದಿಲ್ಲ.

ಅಕ್ಕಪಕ್ಕದ ಎರಡು ನದಿಗಳೇ ಈ ವಿಷಯದಲ್ಲಿ ಬೇರೆ ಬೇರೆ ಪಾಠ ಹೇಳುತ್ತವೆ. ಶರಾವತಿಯಲ್ಲಿ ವಿದ್ಯುತ್ ತೆಗೆದ ನೀರನ್ನು ಗೇರುಸೊಪ್ಪೆಯಿಂದ ಬೇಸಿಗೆಯಲ್ಲೂ ಬಿಡುವುದರಿಂದ ಹೊನ್ನಾವರದ ಅಳಿವೆಯ ಉಪ್ಪು ಕಡಿಮೆಯಾಗಿದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಅಧ್ಯಯನಗಳು ದಾಖಲಿಸಿವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಬೇಸಿಗೆಯ ಭರತ ಉಪ್ಪನ್ನು ಒಳನಾಡಿನವರೆಗೆ ಹೊತ್ತು ತರುತ್ತದೆ. ಆ ಉಪ್ಪಿಗೆ ಹೊಂದಿಕೊಂಡೇ ಗಜನಿ ಗದ್ದೆಯ ಕಗ್ಗದ ಭತ್ತ, ಬೆಳಚು ಎಂಬ ಚಿಪ್ಪುಜೀವಿ, ಮೀನು ಎಲ್ಲವೂ ಬದುಕಿವೆ. ಅಳಿವೆ ಉಪ್ಪಾಗಿರುವುದು ತಪ್ಪಲ್ಲ. ಅದರ ದಂಡೆಯ ಬಾವಿ ಯಾವ ವಾರದಿಂದ ಉಪ್ಪಾಗುತ್ತದೆ ಎಂಬುದನ್ನು ನಾವು ಬರೆದಿಡದೇ ಇರುವುದು ತಪ್ಪು. ಐದು ವರ್ಷ ಮೇ ತಿಂಗಳಲ್ಲಿ ಕ್ಲೋರೈಡ್ ಅಳೆದು ಬರೆದಿಟ್ಟರೆ ಉಪ್ಪು ಮುಂದೆ ಸರಿಯುತ್ತಿದೆಯೋ ಇಲ್ಲವೋ ಎಂದು ಊರಿಗೆ ಊರೇ ಹೇಳಬಲ್ಲದು.

ನಳದ ನೀರು ಬಂದಿದೆಯಲ್ಲ, ಬಾವಿಯ ಚಿಂತೆ ಏಕೆ ಎಂದು ಪೇಟೆಯವರು ಕೇಳಬಹುದು. ಕುಮಟಾ, ಹೊನ್ನಾವರಕ್ಕೆ ಅಘನಾಶಿನಿಯ ಮರಾಕಲ್ ಯೋಜನೆಯ ನೀರು ಬರುತ್ತದೆ. ಭಟ್ಕಳಕ್ಕೆ ಕಡವಿನಕಟ್ಟೆಯ ನೀರು. ಶುದ್ಧೀಕರಣ ಘಟಕದಲ್ಲಿ ಪಟಿಕ ಹಾಕಿ, ಕೆಸರು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಕೊಟ್ಟು ಬಿಟ್ಟ ನೀರು ಅಲ್ಲಿ ಚೆನ್ನಾಗಿಯೇ ಇರಬಹುದು. ಆದರೆ ನಮ್ಮಲ್ಲಿ ನಳ ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಪೈಪು ಖಾಲಿಯಾಗಿ ಒಳಗಿನ ಒತ್ತಡ ಇಳಿಯುತ್ತದೆ. ಪೈಪಿನಲ್ಲಿ ಎಲ್ಲೋ ಬಿರುಕಿದ್ದು ಅದರ ಪಕ್ಕದಲ್ಲೇ ಚರಂಡಿ ಹರಿಯುತ್ತಿದ್ದರೆ, ಪೈಪು ಹೊರಗಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಕೂಡಲೇ ಮೊದಲ ಬಿಂದಿಗೆಗೆ ಬರುವುದು ಅದೇ. ಹಾಗಾಗಿ ಟ್ಯಾಂಕಿನ ಬುಡದಲ್ಲಿ ಪರೀಕ್ಷೆ ಮಾಡಿ ‘ನೀರು ಶುದ್ಧ’ ಎಂದು ಬರೆದರೆ ಅದು ಟ್ಯಾಂಕಿನ ಮಾತು. ಬೀದಿಯ ಕೊನೆಯ ಮನೆಯ ನಳದ ಮಾತನ್ನು ಅಲ್ಲಿಯೇ ಕೇಳಬೇಕು.

ಕೇಳುವ ಬಗೆ ಸುಲಭ. ಕ್ಲೋರಿನ್ ತನ್ನ ಕೆಲಸ ಮುಗಿಸಿದ ಮೇಲೂ ಸ್ವಲ್ಪ ಉಳಿದಿರಬೇಕು. ದಾರಿಯಲ್ಲಿ ಕೊಳೆ ಸೇರಿದರೆ ಎದುರಿಸಲು ಅದೇ ಮೀಸಲು ಪಡೆ. ಕೊನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂಬುದು ನಿಯಮ. ಕಿಟ್ಟಿನ ಕೊಳವೆಗೆ ನೀರು ತುಂಬಿ ಮದ್ದು ಹಾಕಿದರೆ ಹಳದಿ ಅಥವಾ ಗುಲಾಬಿ ಬಣ್ಣ ಬರುತ್ತದೆ. ಪಟ್ಟಿಯ ಬಣ್ಣಕ್ಕೆ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಟ್ಯಾಂಕಿನ ಬಳಿ ಬಣ್ಣವಿದ್ದು ಕೊನೆಯ ಮನೆಯಲ್ಲಿ ಬಣ್ಣವೇ ಬರದಿದ್ದರೆ ನಡುವೆ ಕ್ಲೋರಿನ್ನನ್ನು ಏನೋ ತಿಂದುಹಾಕಿದೆ. ಪೈಪು ಎಲ್ಲಿ ಅಗೆಯಬೇಕು ಎಂಬುದಕ್ಕೆ ನೀರುಗಂಟಿಗೆ ಇದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ.

ಒಂದೇ ಪರೀಕ್ಷೆಯನ್ನು ಪೂರ್ತಿ ನೆಚ್ಚಬಾರದು ಎಂಬುದಕ್ಕೆ ದೆಹಲಿಯ 1955–56ರ ಚಳಿಗಾಲ ಸಾಕ್ಷಿ. ನಜಫ್‌ಗಢ ನಾಲೆಯ ಕೊಳಚೆ ಹಿಂದಕ್ಕೆ ಹರಿದು ಯಮುನೆಯಲ್ಲಿ ನಗರಕ್ಕೆ ನೀರೆತ್ತುವ ಜಾಗವನ್ನೇ ಸೇರಿತು. ಎಂಜಿನಿಯರುಗಳು ಕ್ಲೋರಿನ್ ಹೆಚ್ಚಿಸಿದರು. ಬ್ಯಾಕ್ಟೀರಿಯಾ ಸತ್ತವು, ಟೈಫಾಯ್ಡ್ ಏರಲಿಲ್ಲ. ಆದರೆ ವೈರಸ್ ಉಳಿದುಕೊಂಡಿತು. ಕೆಲವೇ ವಾರಗಳಲ್ಲಿ 29,000ಕ್ಕೂ ಹೆಚ್ಚು ಜನ ಕಾಮಾಲೆಗೆ ಬಿದ್ದರು. ಬಸುರಿಯರಿಗೆ ಅದು ಹೆಚ್ಚು ಮಾರಕವಾಯಿತು. ಇಂದು ಹೆಪಟೈಟಿಸ್-ಇ ಎಂದು ಕರೆಯುವ ಕಾಯಿಲೆ ಅದು ಎಂದು ದಶಕಗಳ ನಂತರ ತಿಳಿಯಿತು. ಕೊಳೆ ಒಳಗೆ ಬರದಂತೆ ಮೂಲವನ್ನೇ ಕಾಯುವುದು ಮೊದಲ ಕೆಲಸ, ಮದ್ದು ಆಮೇಲೆ.

ನಮ್ಮ ರಾಜ್ಯದಲ್ಲೂ ಪಾಠಗಳಿಗೆ ಕೊರತೆಯಿಲ್ಲ. 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹಬ್ಬಿ ಹಲವರು ಪ್ರಾಣ ಬಿಟ್ಟರು. ಜೀವ ಹೋದ ಮೇಲೆ ಓಡಿಬಂದು ಮಾದರಿ ತೆಗೆಯುವುದು ಕಾರಣ ಹುಡುಕಲು ಬೇಕು, ನಿಜ. ಆದರೆ ಸತ್ತವರಿಗೆ ಆ ವರದಿಯಿಂದ ಏನೂ ಆಗಬೇಕಾಗಿಲ್ಲ.

ಮನೆಮನೆಗಳಲ್ಲಿ ಈಗ ಇನ್ನೊಂದು ತಪ್ಪು ನಂಬಿಕೆ ಬೇರೂರುತ್ತಿದೆ. ಫಿಲ್ಟರ್ ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ ಅಂಕಿ ತೋರಿಸುತ್ತಾರೆ. ಆ ಮೀಟರ್ ಹೇಳುವುದು ನೀರಿನಲ್ಲಿ ಕರಗಿರುವ ಲವಣಗಳ ಅಂದಾಜು ಮಾತ್ರ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ನಮ್ಮ ಚಿರೆಕಲ್ಲಿನ ಬಾವಿಗಳಲ್ಲಿ, ಉಪ್ಪು ನುಗ್ಗದ ಕಡೆ, ಅದು ಸಾಮಾನ್ಯವಾಗಿ ತೀರಾ ಕಡಿಮೆಯೇ ಇರುತ್ತದೆ. ಕಪ್ಪಾದ ಸೀಸೆಯ ನಮ್ಮ ಬಾವಿಯೂ ಆ ಮೀಟರಿನಲ್ಲಿ ಪಾಸಾಗುವಂಥದ್ದೇ. ರೋಗಾಣುವನ್ನು ಮೀಟರ್ ಕಾಣಲಾರದು. 500ಕ್ಕಿಂತ ಕಡಿಮೆ ಟಿಡಿಎಸ್ ಇರುವಲ್ಲಿ ಲವಣ ಸೋಸುವ ಆರ್‌ಒ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಹೇಳಿತ್ತು: ಅಂಥ ಕಡೆ ಆ ಯಂತ್ರ ಒಳ್ಳೆಯ ನೀರನ್ನು ಚರಂಡಿಗೆ ಬಿಡುವುದೇ ಹೆಚ್ಚು.

ಪ್ರಯೋಗಾಲಯಕ್ಕೆ ಕಳಿಸುವ ಮಾದರಿಯೂ ಶಿಸ್ತು ಬೇಡುತ್ತದೆ. ತೊಳೆದ ಕೋಲ್ಡ್‌ಡ್ರಿಂಕ್ಸ್ ಬಾಟಲಿಯಲ್ಲಿ ನೀರು ಕೊಟ್ಟರೆ ಪರೀಕ್ಷೆಯಾಗುವುದು ಬಾಟಲಿಯದು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು. ನಳವಾದರೆ ಒಂದೆರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಬಾಯಿಗೂ ಮುಚ್ಚಳದ ಒಳಗೂ ಬೆರಳು ತಾಗಿಸದೆ ತುಂಬಬೇಕು. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ಮುಟ್ಟಿಸಿದರೆ ಉತ್ತಮ. ಒಂದು ದಿನ ದಾಟಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಸೀಸೆಯ ಪರೀಕ್ಷೆ ಮೊದಲ ಎಚ್ಚರಿಕೆ. ಕಪ್ಪಾದರೆ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಕುದಿಸಿ ಕುಡಿಯಬೇಕು. ಕಪ್ಪಾದ ನೀರನ್ನು ಅಂಗಳಕ್ಕೆ ಚೆಲ್ಲದೆ, ಬ್ಲೀಚಿಂಗ್ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಬೇಕು. ಇನ್ನು ಕುದಿಸುವವರು ಒಂದು ತಪ್ಪು ಮಾಡುತ್ತಾರೆ: ಕುದ್ದ ನೀರು ಬಿಸಿಯೆಂದು ಅದಕ್ಕೆ ತಣ್ಣೀರು ಬೆರೆಸುವುದು. ಹೋಟೆಲಿನಲ್ಲಿ ‘ಬಿಸಿನೀರು’ ಎಂದು ಕೊಡುವ ಉಗುರುಬೆಚ್ಚಗಿನ ನೀರಿನಲ್ಲೂ ಇದೇ ಅಪಾಯ. ಅರ್ಧ ಕುದ್ದದ್ದು, ಅರ್ಧ ಹಸಿಯದ್ದು ಎಂದರೆ ಪೂರ್ತಿ ಹಸಿಯದ್ದೇ.

ಬಾವಿಗೆ ಬ್ಲೀಚಿಂಗ್ ಹಾಕುವುದಕ್ಕೂ ಲೆಕ್ಕವಿದೆ. 1,000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು ಎರಡೂವರೆ ಗ್ರಾಂ ಸಾಕು. ಬಾವಿ ಎರಡು ಮೀಟರ್ ಅಗಲವಿದ್ದು ಮೂರು ಮೀಟರ್ ನೀರಿದ್ದರೆ ಅದರಲ್ಲಿ ಸುಮಾರು 9,400 ಲೀಟರ್ ನೀರಿರುತ್ತದೆ. ಅದಕ್ಕೆ 24 ಗ್ರಾಂ. ಪುಡಿಯನ್ನು ನೇರ ಬಾವಿಗೆ ಎರಚಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಸುಣ್ಣ ಕೂರಲು ಬಿಡಬೇಕು. ಮೇಲಿನ ತಿಳಿಯನ್ನು ಇನ್ನೊಂದು ಕೊಡಕ್ಕೆ ಬಸಿದು, ಆ ಕೊಡವನ್ನು ಹಗ್ಗದಲ್ಲಿ ಬಾವಿಯ ನೀರಿನೊಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ನೀರು ಸೇದಬಾರದು. ಬಾಯಿ ತೆರೆದ ಚೀಲದಲ್ಲಿ ವರ್ಷವಿಡೀ ಕೂತ ಪುಡಿಯಲ್ಲಿ ವಾಸನೆ ಇರಬಹುದು, ಶಕ್ತಿ ಇರುವುದಿಲ್ಲ. ಕೆಸರು ಕದಡಿದ ನೀರಿನಲ್ಲೂ ಅದು ಕೆಲಸ ಮಾಡದು. ಗುಂಡಿಯ ದಾರಿ ತೆರೆದೇ ಇದ್ದರೆ ಈ ಮದ್ದು ನಾಲ್ಕು ದಿನದ್ದು.

ಗ್ರಾಮಗಳಿಗಾದರೆ ದಾರಿ ಸಿದ್ಧವಿದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರಕಾರ ಪ್ರತಿ ಊರಲ್ಲಿ ಐವರು ಹೆಂಗಸರಿಗೆ ಕಿಟ್ ಬಳಸುವ ತರಬೇತಿ ಕೊಡಬೇಕು. ಪ್ರತಿ ಸಾರ್ವಜನಿಕ ಮೂಲವನ್ನು ರಾಸಾಯನಿಕಗಳಿಗಾಗಿ ವರ್ಷಕ್ಕೊಮ್ಮೆ, ರೋಗಾಣುಗಳಿಗಾಗಿ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಬೇಕು. ಇಲಾಖೆಯ ಪ್ರಯೋಗಾಲಯಗಳು ಸಣ್ಣ ಶುಲ್ಕಕ್ಕೆ ಜನರ ನೀರನ್ನೂ ಪರೀಕ್ಷಿಸಿಕೊಡಬೇಕು. ಆದರೆ ನಮ್ಮ ಕರಾವಳಿಯಲ್ಲಿ ಬಹುಪಾಲು ಜನ ಕುಡಿಯುವುದು ಮನೆಯ ಬಾವಿಯ ನೀರನ್ನು. ಅದು ಯಾವ ಸರ್ಕಾರಿ ಪಟ್ಟಿಗೂ ಸೇರುವುದಿಲ್ಲ. ಅದನ್ನು ಪರೀಕ್ಷಿಸುವ ಹೊಣೆ ಮನೆಯವರದೇ. ನಮ್ಮ ನೆರೆಮನೆಯಾಕೆಯಂಥವರಿಗೆ ಕಿಟ್ ತುಂಬಿಸಿಕೊಟ್ಟು, ಮಾಡಿದ ಕೆಲಸಕ್ಕೆ ತಕ್ಕ ಹಣವನ್ನು ಸಕಾಲಕ್ಕೆ ಕೊಟ್ಟರೆ ಈ ಕೆಲಸ ಅರ್ಧ ಮುಗಿದಂತೆ.

ಪುರಸಭೆ, ಪಟ್ಟಣ ಪಂಚಾಯ್ತಿಗಳನ್ನು ಕೇಳಬೇಕಾದ್ದು ಒಂದು ಕರಿಹಲಗೆ. ಈ ವಾರ ಯಾವ ಬೀದಿಯ ಕೊನೆಯ ನಳದಲ್ಲಿ ಎಷ್ಟು ಕ್ಲೋರಿನ್ ಇತ್ತು, ಇ-ಕೋಲಿ ಸಿಕ್ಕಿತೇ ಇಲ್ಲವೇ, ಸಿಕ್ಕಿದ್ದರೆ ಏನು ಮಾಡಿದರು ಎಂಬುದನ್ನು ಬಸ್ ಸ್ಟ್ಯಾಂಡಿನಲ್ಲಿ, ಮೀನುಪೇಟೆಯಲ್ಲಿ ಬರೆದು ಹಾಕಲಿ. ಭಟ್ಕಳದಲ್ಲಿ ಕನ್ನಡದ ಜೊತೆ ಉರ್ದುವಿನಲ್ಲೂ ಬರೆಯಲಿ. ಕಡತದಲ್ಲಿ ಉಳಿದ ವರದಿ ಯಾವ ಮಗುವಿನ ಭೇದಿಯನ್ನೂ ತಡೆದಿಲ್ಲ.

ಮನೆಯವರಿಗೆ ಇದನ್ನು ನೆನಪಿಡಲು ಹೊಸ ಕ್ಯಾಲೆಂಡರ್ ಬೇಕಿಲ್ಲ. ಮೇ ಕೊನೆಯಲ್ಲಿ ಒಮ್ಮೆ ಉಪ್ಪು ನೋಡಿಸಿ. ಮಿರ್ಗ ಹಿಡಿದು ಹತ್ತು ಹದಿನೈದು ದಿನಕ್ಕೆ ಸೀಸೆ ಇಡಿ. ಮೂರನೆಯ ಪರೀಕ್ಷೆಗೆ ದೀಪಾವಳಿಯೇ ಇದೆ. ಮಳೆ ಹಿಂದೆ ಸರಿದ ಆ ಹೊತ್ತಿನಲ್ಲಿ, ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬಕ್ಕೆ ನಾವು ಹೇಗೂ ಬಾವಿಕಟ್ಟೆ ತೊಳೆಯುತ್ತೇವೆ, ಹಂಡೆ ಬೆಳಗುತ್ತೇವೆ.

ಕಳೆದ ದೀಪಾವಳಿಯ ಹೊತ್ತಿಗೆ ನಾವು ಶೌಚಗುಂಡಿಯನ್ನು ಬಾವಿಯಿಂದ ದೂರಕ್ಕೆ ಸಾಗಿಸಿ ತಳಕ್ಕೆ ಕಾಂಕ್ರೀಟು ಹಾಕಿಸಿದ್ದೆವು. ಪಕ್ಕದ ಮನೆಯವರ ಬಾವಿಗೆ ಎಷ್ಟು ದೂರವಾಗುತ್ತದೆ ಎಂದು ಟೇಪು ಹಿಡಿದು ಅಳೆಸಿದ್ದು ತಾಯಿಯೇ. ಹಂಡೆಗೆ ಹೊಸ ನೀರು ತುಂಬಿ, ಬಾವಿಗೆ ಹೂವಿಟ್ಟು ಕೈಮುಗಿದ ಮೇಲೆ ಅವರು ನೆರೆಮನೆಯತ್ತ ತಿರುಗಿ ಕರೆದರು: ‘ಒಂದು ಸೀಸೆ ತಕಬಾ ಮಾರಾಯ್ತಿ, ನೋಡ್ವ.’

ಎರಡು ದಿನ ಕಪಾಟಿನಲ್ಲಿದ್ದರೂ ಆ ನೀರು ಕಪ್ಪಾಗಲಿಲ್ಲ. ಮುಂದಿನ ಮಿರ್ಗಕ್ಕೆ ಮತ್ತೊಂದು ಸೀಸೆ ತರಲು ತಾಯಿ ಆಗಲೇ ಹೇಳಿಟ್ಟಿದ್ದಾರೆ.